ಗಡ್ಚಿರೋಲಿಗೆ ಸೋಲಾರ್: ಮನೆಗೊಂದು ಕಿಟ್ಟೋ, ಊರಿಗೊಂದು ಗ್ರಿಡ್ಡೋ?

ಪುಣೆಯ ನಮ್ಮ ಕನ್ನಡ ಸಂಘದ ದೇಣಿಗೆ ಈ ಸಲ ಮಹಾರಾಷ್ಟ್ರದ ಗಡ್ಚಿರೋಲಿಯ ಕಾಡಿನ ಊರೊಂದಕ್ಕೆ ಅಂತ ಮಾತಾಗಿದೆ. ನಕ್ಸಲ್ ಸಂಘರ್ಷ ಕಂಡ ಜಿಲ್ಲೆ. ಮಳೆಗಾಲದಲ್ಲಿ ಪರ್ಲಕೋಟಾ ಹೊಳೆ ಉಕ್ಕಿದರೆ ಅಲ್ಲಿನ ಭಾಮ್ರಾಗಡ ತಾಲೂಕಿನ ದಾರಿಯೇ ಮುಚ್ಚಿಹೋಗುತ್ತದೆ. ಅಂದರೆ, ಕೆಟ್ಟರೆ ರಿಪೇರಿಯವನು ನಾಳೆ ಬರೋದಿಲ್ಲ. ಮೊದಲು ಇದನ್ನೇ ನೋಡಿ.

ಕಿಟ್ ಅಂದರೆ ಸಣ್ಣ ಪ್ಯಾನೆಲ್, ಬ್ಯಾಟರಿ, ಎರಡು-ಮೂರು ಎಲ್‌ಇಡಿ, ಮೊಬೈಲ್ ಚಾರ್ಜಿಂಗ್. ಕೆಟ್ಟರೆ ಒಂದೇ ಮನೆ ಕತ್ತಲು. ಊರು ಬಿಡಬೇಕಾಗಿ ಬಂದರೆ ಬಿಚ್ಚಿ ಒಯ್ಯಬಹುದು. ಆದರೆ ಹಿಟ್ಟಿನ ಗಿರಣಿ ಓಡಲ್ಲ.

ಮಿನಿಗ್ರಿಡ್ ಅಂದರೆ ಊರಿಗೆಲ್ಲ ಒಂದೇ ಸೋಲಾರ್ ಘಟಕ, ಅಲ್ಲಿಂದ ಮನೆಮನೆಗೆ ತಂತಿ. ಅದರಲ್ಲಿ ಗಿರಣಿ, ಪಂಪು ಎರಡೂ ಓಡುತ್ತವೆ. ಇನ್ವರ್ಟರ್ ಕೈಕೊಟ್ಟರೆ ಮಾತ್ರ ಇಡೀ ಊರು ಕತ್ತಲು. ತಿಂಗಳ ದುಡ್ಡು ವಸೂಲಿ ಮಾಡೋರು ಯಾರು? ಸುಮ್ನೆ ಜಗಳ.

ನನ್ನ ಓಟು ಕಿಟ್‌ಗೆ. ಜೊತೆಗೆ ಆರೋಗ್ಯ ಕೇಂದ್ರಕ್ಕೆ ಪ್ರತ್ಯೇಕ ಪ್ಯಾನೆಲ್ ಇರಲಿ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು, ಅಲ್ವಾ? ಬಿಸಿಲಲ್ಲಿ ಐಸ್ ಕಟ್ಟಿಕೊಂಡು, ರಾತ್ರಿ ಅದರ ತಂಪಲ್ಲೇ ಲಸಿಕೆ ಕಾಯುವ ಫ್ರಿಜ್‌ಗಳಿವೆ. ಬ್ಯಾಟರಿಯ ಗೊಡವೆಯೇ ಇಲ್ಲ.

ಕಿಟ್‌ನ ಬ್ಯಾಟರಿ? ಲೆಡ್ ಆಸಿಡ್ ಅಗ್ಗ, ಆದರೆ ಸಾಮಾನ್ಯವಾಗಿ ಡಿಸ್ಟಿಲ್ಡ್ ವಾಟರ್ ತುಂಬುತ್ತಿರಬೇಕು. ದುಡ್ಡು ಜಾಸ್ತಿ ಆದರೂ ಲಿಥಿಯಂ ತಗೊಳ್ಳಿ.