ಕ್ಯಾಟಲಾಗಿನಲ್ಲಿ 150 ವರ್ಷದ ಕಂಚು, ಬಿಲ್ಲಿನಲ್ಲಿ ಹಿತ್ತಾಳೆ ಶೋಪೀಸು

ಹಳೆ ಕಂಚಿನ ಸಾಮಾನು, ಯುದ್ಧದ ಮೆಡಲು, ಶೋಕೇಸಿನಲ್ಲಿಡುವ ಹಳೆಕಾಲದ ವಸ್ತು ಅಂತ ಹರಾಜಿನಲ್ಲಿ ಕೊಳ್ಳುವ ಆಸೆ ಇರುವ ಮಂಗಳೂರು, ಉಡುಪಿ ಕಡೆಯವರು ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ. ನನಗೆ ಮಾರಿದ ಹರಾಜು ಸಂಸ್ಥೆಯ ಹೆಸರು ಹಾಕುವುದಿಲ್ಲ. ದೂರು ಜಿಲ್ಲಾ ಗ್ರಾಹಕ ಆಯೋಗದಲ್ಲಿದೆ.

ಅದು ಬೇರೆ ಊರಿನ ಸಂಸ್ಥೆ. ಹರಾಜು ನಡೆದದ್ದು ಆನ್‌ಲೈನಿನಲ್ಲಿ. ಆದರೆ ಸಾಮಾನು ನೋಡಲಿಕ್ಕೆ ಮಂಗಳೂರಿನ ಒಂದು ಹೋಟೆಲಿನ ಹಾಲಿನಲ್ಲಿ ಇಟ್ಟಿದ್ದರು. ತೂಗುದೀಪ, ಗಿಂಡಿ, ಹಡಗಿನ ದಿಕ್ಸೂಚಿ, ಒಂದನೇ ಮಹಾಯುದ್ಧದ ಮೆಡಲುಗಳು, ಹುಲಿಬಾಯಿಯ ಒಂದು ಪುಟ್ಟ ಫಿರಂಗಿ. ಫಿರಂಗಿ ಟಿಪ್ಪು ಕಾಲದ್ದಂತೆ. 2023ರಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಖಡ್ಗ 1.4 ಕೋಟಿ ಪೌಂಡಿಗೆ ಹರಾಜಾಯಿತಲ್ಲ, ಆಮೇಲೆ ಹುಲಿಪಟ್ಟೆ ಇರುವ ಲೋಹದ ತುಂಡೆಲ್ಲ ಶ್ರೀರಂಗಪಟ್ಟಣದ್ದೇ! ಗಾಜಿನ ಪೆಟ್ಟಿಗೆ, ಹಳದಿ ಲೈಟು. ಯಾವುದನ್ನೂ ಕೈಗೆ ಕೊಡಲಿಲ್ಲ. 'ಬೆವರು ತಾಗಿದರೆ ಹಾಳಾಗುತ್ತದೆ' ಎಂದರು.

ನಾನು ಕೂಗಿದ್ದು ಎರಡು ಲಾಟು, ಅಂದರೆ ಹರಾಜಿಗಿಟ್ಟ ಎರಡು ವಸ್ತು. ಒಂದು ಪಂಜುರ್ಲಿಯ ಮೊಗ, ಅಂದರೆ ಹಂದಿರೂಪದ ದೈವದ ಲೋಹದ ಮುಖವಾಡ. 'ಕಂಚು, ತುಳುನಾಡು, ಸುಮಾರು 150 ವರ್ಷ' ಎಂದು ಕ್ಯಾಟಲಾಗಿನಲ್ಲಿ ಬರೆದಿತ್ತು. ಇನ್ನೊಂದು ಒಂದನೇ ಮಹಾಯುದ್ಧದ ವಿಕ್ಟರಿ ಮೆಡಲು, ಈ ಕಡೆಯ ಸಿಪಾಯಿಯೊಬ್ಬನದು ಅಂತ. ಎರಡೂ ಸೇರಿ 42,000ಕ್ಕೆ ನಿಂತಿತು. ಅದರ ಮೇಲೆ ಶೇಕಡಾ 20 ಬೈಯರ್ಸ್ ಪ್ರೀಮಿಯಂ (ಕೊಂಡವರಿಂದ ಹರಾಜಿನವರು ತೆಗೆದುಕೊಳ್ಳುವ ಕಮಿಷನ್), ತೆರಿಗೆ, ಪ್ಯಾಕಿಂಗು, ಸಾಗಾಟ. ಒಟ್ಟು 58,000 ದಾಟಿತು. ಇದು ಮೊದಲೇ ತಿಳಿಸಿದ್ದ ಖರ್ಚು, ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಪಾರ್ಸೆಲಿನೊಳಗಿದ್ದ ಬಿಲ್ಲಿನದು. ಅದರಲ್ಲಿ ವರ್ಷವೂ ಇಲ್ಲ, ಕಂಚೂ ಇಲ್ಲ. 'ಹಿತ್ತಾಳೆ ಅಲಂಕಾರಿಕ ವಸ್ತು, ಕರಕುಶಲ' ಎಂದಿತ್ತು.

ಫೋನ್ ಮಾಡಿದರೆ, 'ಅದು ಟ್ಯಾಕ್ಸ್‌ಗೋಸ್ಕರ ಸರ್, ಎಲ್ಲರೂ ಹಾಗೇ ಬರೆಯುವುದು' ಎಂದರು. ಟ್ಯಾಕ್ಸ್‌ಗೋಸ್ಕರ ಅಲ್ಲ, ಕಾನೂನಿನಿಂದ ಜಾರಿಕೊಳ್ಳಲಿಕ್ಕೆ. ನಮ್ಮಲ್ಲಿ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. ನೂರು ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಲೋಹದ ಶಿಲ್ಪವಾದರೆ ಪುರಾತತ್ವ ಇಲಾಖೆಯಲ್ಲಿ ನೋಂದಣಿಯೂ ಆಗಬೇಕು. ಅಂದರೆ ವಸ್ತು ನಿಜವಾಗಿ 150 ವರ್ಷದ್ದಾಗಿದ್ದರೆ ಬಿಲ್ಲು ಸುಳ್ಳು. ಬಿಲ್ಲು ನಿಜವಾದರೆ ಕ್ಯಾಟಲಾಗು ಸುಳ್ಳು. ಎರಡರಲ್ಲಿ ಯಾವುದು ಅಂತ ಬರೆದುಕೊಡಿ ಎಂದು ಇಮೇಲ್ ಹಾಕಿದೆ. ಬಂದ ಉತ್ತರ: ಕ್ಯಾಟಲಾಗಿನ ವಿವರ 'ಅಭಿಪ್ರಾಯ ಮಾತ್ರ', ಮಾಲು 'ಇದ್ದಲ್ಲಿ ಇದ್ದ ಹಾಗೆ', ವಾಪಸಿಲ್ಲ.

ಮನೆಯಲ್ಲಿ ದೊಡ್ಡಪ್ಪ ಮೊಗವನ್ನು ನೋಡಿ ಕೇಳಿದ್ದು ಒಂದೇ ಮಾತು. 'ಯಾವ ಊರಿನ ಭಂಡಾರದ್ದು ಮಾರಾಯಾ ಇದು? ಕೊಟ್ಟದ್ದು ಯಾರು?' ದೈವದ ಮೊಗವನ್ನು ಭಂಡಾರದಿಂದ, ಅಂದರೆ ದೈವದ ಸಾಮಾನು ಇಡುವ ಜಾಗದಿಂದ, ತೆಗೆದು ಮಾರುವವರು ಯಾರಿದ್ದಾರೆ, ಅಲ್ವಾ? ಸಂಸ್ಥೆಯವರನ್ನು ಕೇಳಿದರೆ 'ಒಂದು ಹಳೇ ಮನೆತನದ ಸಂಗ್ರಹ' ಅಷ್ಟೇ. ನಿಜವಾಗಿ ಹಳೆಯದಾದರೆ ಎಲ್ಲಿಂದಲೋ ಕದ್ದದ್ದಿರಬಹುದು. ಪೊಲೀಸರು ಬಂದರೆ ಮೊದಲು ಬರುವುದು ನಮ್ಮ ಮನೆಗೆ.

ಅದೃಷ್ಟಕ್ಕೋ ದುರದೃಷ್ಟಕ್ಕೋ ಅದು ಹಳೆಯದಲ್ಲ. ಎರಕ ಹೊಯ್ಯುವ ಪರಿಚಯದವರಿಗೆ ತೋರಿಸಿದೆ. ಅವರು ಒದ್ದೆ ಬಟ್ಟೆಯಲ್ಲಿ ಉಜ್ಜಿದರು. ಹಸಿರು ಕಿಲುಬು ಬಟ್ಟೆಗೆ ಬಂತು. ಎಷ್ಟೋ ವರ್ಷದಿಂದ ಕೂತ ಕಿಲುಬು ಲೋಹಕ್ಕೆ ಕಚ್ಚಿಕೊಂಡಿರುತ್ತದೆ, ಹಾಗೆ ಬರುವುದಿಲ್ಲ. ಮಗುಚಿ ಹಾಕಿದರೆ ಒಳಮೈಯಲ್ಲಿ ಗ್ರೈಂಡರ್ ಗೀರು. ಕಟ್ಟುವ ತೂತುಗಳ ಅಂಚು ಚೂಪಾಗಿಯೇ ಇದೆ, ಹಗ್ಗ ಸವೆಸಿದ ಗುರುತೇ ಇಲ್ಲ. ಹಿತ್ತಾಳೆ ಎನ್ನುವುದೊಂದೇ ದೋಷವಲ್ಲ, ಹಳೆಯ ಮೊಗಗಳಲ್ಲೂ ಹಿತ್ತಾಳೆಯವು ಬೇಕಾದಷ್ಟಿವೆ. ಆದ್ದರಿಂದ ಕೆರೆದು ಬಣ್ಣ ನೋಡಿ ವಯಸ್ಸು ಹೇಳುವವರನ್ನೂ ನಂಬಬೇಡಿ.

ಮೆಡಲಿನ ಕಥೆ ಚಿಕ್ಕದು. ಬ್ರಿಟಿಷ್ ಸರ್ಕಾರ ಕೊಟ್ಟ ವಿಕ್ಟರಿ ಮೆಡಲಿನ ಅಂಚಿನಲ್ಲಿ ಪಡೆದವನ ಹೆಸರು, ನಂಬರು, ಪಲ್ಟಣದ ವಿವರ ಒತ್ತಿರುತ್ತಾರೆ. ನನಗೆ ಬಂದದ್ದರ ಅಂಚು ನುಣುಪು. ಮೈಮೇಲಿನ ಅಕ್ಷರಗಳು ಮಸುಕು, ಅಲ್ಲಲ್ಲಿ ಎರಕದ ಸಣ್ಣ ಗುಳಿಗಳು. ಅಂಚಿನ ಫೋಟೋ ಕಳಿಸಿ ಎಂದು ಹರಾಜಿಗೆ ಮುಂಚೆಯೇ ಕೇಳಿದ್ದೆ. 'ಕಳಿಸ್ತೇವೆ' ಎಂದವರು ಕಳಿಸಿದ್ದು ಮತ್ತೆ ಮುಂಭಾಗದ್ದೇ.

ಮೊರಾದಾಬಾದಿನಲ್ಲಿ ಈಗ ಮಾಡುವ ಹಿತ್ತಾಳೆ ಸಾಮಾನು, ರೂರ್ಕಿಯಲ್ಲಿ ಮಾಡುವ ದಿಕ್ಸೂಚಿ ಎಲ್ಲ ಚಂದದ ಕೆಲಸವೇ. ಹೊಸದು ಅಂತ ಹೇಳಿ ಮಾರಿದರೆ ನಾನೇ ಕೊಳ್ಳುತ್ತೇನೆ.

ನೀವು ಕೂಗುವುದೇ ಆದರೆ ಬಿಲ್ಲಿನಲ್ಲಿ ಏನು ಬರೆಯುತ್ತೀರಿ ಅಂತ ಮೊದಲೇ ಇಮೇಲಿನಲ್ಲಿ ಕೇಳಿ. ಫೋನಿನ ಮಾತಿಗೆ ಬೆಲೆ ಇಲ್ಲ. ಲೈಸೆನ್ಸ್ ನಂಬರು ಕೇಳಿ. ಹಿಂಭಾಗದ, ಅಂಚಿನ ಫೋಟೋ ಬಾರದಿದ್ದರೆ ಬಿಟ್ಟುಬಿಡಿ. ಈಗಾಗಲೇ ಸಿಕ್ಕಿಬಿದ್ದಿದ್ದರೆ ಕ್ಯಾಟಲಾಗಿನ ಪುಟದ ಸ್ಕ್ರೀನ್‌ಶಾಟ್ ತಕ್ಷಣ ತೆಗೆದಿಡಿ. ನನ್ನ ಲಾಟಿನ ಪುಟವನ್ನು ಅವರು ಆಮೇಲೆ ಅಳಿಸಿದರು. ಗ್ರಾಹಕ ಸಹಾಯವಾಣಿ 1915. ದೂರನ್ನು ನೀವಿರುವ ಜಿಲ್ಲೆಯಲ್ಲೇ ಕೊಡಬಹುದು, ಅವರ ಊರಿಗೆ ಓಡಬೇಕಾಗಿಲ್ಲ.

ಇನ್ನೊಂದು ವಿಷಯ. ಅದೇ ಸಂಸ್ಥೆ ಈಗ ಉಡುಪಿಯಲ್ಲಿ ಪ್ರದರ್ಶನ ಇಡುತ್ತಿದೆ. ಹೊಸ ಕ್ಯಾಟಲಾಗಿನಲ್ಲೂ ಒಂದು ಪಂಜುರ್ಲಿ ಮೊಗ ಉಂಟು, ಈ ಸಲ 200 ವರ್ಷದ್ದು. ಎಡಗಡೆಯ ಕೋರೆಹಲ್ಲಿನ ತುದಿ ಮುರಿದಿದೆ. ನನ್ನದರಲ್ಲೂ ಅದೇ ಹಲ್ಲು, ಅಷ್ಟೇ ಮುರಿದದ್ದು.