ಕಡಲೆಕಾಯಿ ಪರಿಷೆಗೂ ಕರಗಕ್ಕೂ ಒಂದೇ ಲೆನ್ಸ್: 35 ಎಂಎಂ ಎಫ್1.8 ಬಳಸಿ ನೋಡಿದ್ದು

ಬೆಂಗಳೂರು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಸಂಜೆ ಆರರ ಮೇಲೆ ಹೋದವರಿಗೆ ಗೊತ್ತಿರುತ್ತದೆ, ಅಲ್ಲಿ ನಾವು ನಡೆಯುವುದಿಲ್ಲ, ಜನವೇ ನಮ್ಮನ್ನು ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ರಾಮಕೃಷ್ಣ ಆಶ್ರಮದ ಹತ್ತಿರ ಒಳಗೆ ಸೇರಿಕೊಂಡರೆ ದೊಡ್ಡ ಬಸವಣ್ಣನ ಗುಡಿ ಮುಟ್ಟುವ ಹೊತ್ತಿಗೆ ಅರ್ಧ ಗಂಟೆ ಆಗಿರುತ್ತದೆ. ಅಷ್ಟರಲ್ಲಿ ಕ್ಯಾಮೆರಾ ಎತ್ತಿ ಕಣ್ಣಿಗಿಟ್ಟುಕೊಳ್ಳಲು ಮೊಣಕೈ ಆಡುವಷ್ಟು ಜಾಗ ಸಿಕ್ಕರೆ ಪುಣ್ಯ.

2023ರಲ್ಲಿ ನಾನು ಇದೇ ಪರಿಷೆಗೆ ಎರಡು ಜೂಮ್ ಲೆನ್ಸ್ ಹೊತ್ತುಕೊಂಡು ಹೋಗಿದ್ದೆ. ಕ್ಯಾಮೆರಾ ಜೊತೆ ಬಂದಿದ್ದ ಕಿಟ್ ಲೆನ್ಸ್ 18-55, ಮತ್ತೆ ದೂರದ್ದನ್ನು ಹತ್ತಿರ ತೋರಿಸುವ ಒಂದು ಉದ್ದದ ಟೆಲಿ. ಟೆಲಿ ಬ್ಯಾಗಿನಿಂದ ಹೊರಗೇ ಬರಲಿಲ್ಲ. ತೆಗೆಯಲು ನಿಂತರೆ ಹಿಂದಿನವರು ಬಂದು ಹಾಯುತ್ತಾರೆ, ಮೇಲೆ ಧೂಳು ಬೇರೆ. 18-55 ಹಗಲಲ್ಲಿ ಚೆನ್ನಾಗಿತ್ತು. ದೀಪ ಹತ್ತಿದ ಮೇಲೆ ತೆಗೆದ ಫೋಟೋಗಳಲ್ಲಿ ಮುಖಗಳೆಲ್ಲ ಕಲಸಿಹೋಗಿದ್ದವು. ಆಮೇಲೆ ಕೊಂಡಿದ್ದು ಈ 35 ಎಂಎಂ ಎಫ್1.8. ಎಂಎಂ ಅಂಕಿ ಚಿಕ್ಕದಾದಷ್ಟೂ ಅಗಲ ಜಾಸ್ತಿ ಕಾಣುತ್ತದೆ, ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ ಒಳಗೆ ಬರುತ್ತದೆ. ಸೆಕೆಂಡ್ ಹ್ಯಾಂಡ್, 8,000 ರೂಪಾಯಿ. ಅಲ್ಲಿಂದ 2024ರ ಪರಿಷೆ, 2025ರ ಏಪ್ರಿಲ್‌ನ ಕರಗ, ಮತ್ತೆ 2025ರ ನವೆಂಬರ್ ಪರಿಷೆ, ಇಷ್ಟಕ್ಕೂ ಇದೊಂದನ್ನೇ ಹಾಕಿಕೊಂಡು ಹೋದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕಂಪನಿ ಹೆಸರು ಹಾಕುತ್ತಿಲ್ಲ. ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾಗೆ ಹೊಂದುವ ಈ ಅಳತೆಯ ಲೆನ್ಸ್ ಬೇರೆ ಬೇರೆ ಕಂಪನಿಗಳಲ್ಲಿ ಸಿಗುತ್ತದೆ, ಗುಣವೂ ಹೆಚ್ಚು ಕಮ್ಮಿ ಒಂದೇ. ನನ್ನದು ಸುಮಾರು 200 ಗ್ರಾಂ ತೂಗುತ್ತದೆ, ಅಂಗೈಯಲ್ಲಿ ಮುಚ್ಚಿಕೊಳ್ಳಬಹುದು. ಜೂಮ್ ಇಲ್ಲ, ಕೈ ನಡುಕ ತಡೆಯುವ ಸೌಕರ್ಯವೂ ಇಲ್ಲ.

ಮೊದಲು ಬೆಳಕಿನ ವಿಷಯ ಹೇಳಿಬಿಡುತ್ತೇನೆ, ದುಡ್ಡು ಕೊಡುವುದೇ ಅದಕ್ಕೆ. ಕಿಟ್ ಲೆನ್ಸನ್ನು 35ಕ್ಕೆ ತಂದರೆ ಅದು ಹೆಚ್ಚೆಂದರೆ ಎಫ್4.5ರ ಆಸುಪಾಸು ತೆರೆದುಕೊಳ್ಳುತ್ತದೆ. ಇದು ಎಫ್1.8. ಲೆಕ್ಕ ಹಾಕಿದರೆ ಸುಮಾರು ಆರು ಪಟ್ಟು ಬೆಳಕು. ಅಂದರೆ ಅದೇ ಗಾಡಿ, ಅದೇ ಬಲ್ಬು, ಅದೇ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಇಟ್ಟುಕೊಂಡು ಅಲ್ಲಿ ಶಟರ್ 1/30 ಸೆಕೆಂಡ್ ತೆರೆದಿರಬೇಕಾದ ಕಡೆ ಇಲ್ಲಿ 1/200 ಸಾಕು. 1/30ರಲ್ಲಿ ನಮ್ಮ ಕೈ ಅಲುಗದಂತೆ ಕಿಟ್ ಲೆನ್ಸ್ ಕಾಪಾಡಬಹುದು, ಆದರೆ ಕಡಲೆಕಾಯಿ ಅಳೆಯುವವರ ಕೈ ಅಲುಗುತ್ತಿರುತ್ತದಲ್ವಾ? ಅದನ್ನು ನಿಲ್ಲಿಸುವುದು ವೇಗದ ಶಟರ್ ಮಾತ್ರ.

ಆದರೆ ಪರಿಷೆಯ ಬೆಳಕಿಗೆ ಒಂದು ಕಾಟ ಇದೆ, ಇದು ಲೆನ್ಸಿನ ತಪ್ಪಲ್ಲ, ಗೊತ್ತಿರಲಿ ಅಂತ ಹೇಳುತ್ತಿದ್ದೇನೆ. ರಸ್ತೆಯ ಮೇಲೆ ಕಟ್ಟುವ ಎಲ್‌ಇಡಿ ಸರಗಳು ಬಹಳಷ್ಟು ನಮ್ಮ ಕಣ್ಣಿಗೆ ಕಾಣದ ಹಾಗೆ ಮಿಟುಕುತ್ತಿರುತ್ತವೆ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಸೆಕೆಂಡಿಗೆ ನೂರು ಸಲ, ಅಗ್ಗದ ಸರಗಳಲ್ಲಿ ಐವತ್ತೇ ಸಲ. ಶಟರ್ 1/320ಕ್ಕೆ ಇಟ್ಟರೆ ಒಂದು ಫೋಟೋ ಬೆಳ್ಳಗೆ, ಮುಂದಿನದು ಕಪ್ಪಗೆ, ಇನ್ನೊಂದರಲ್ಲಿ ಅರ್ಧಕ್ಕೆ ಪಟ್ಟಿ. ನಾನು ಮೊದಲ ಸಲ ಲೆನ್ಸೇ ಕೆಟ್ಟಿದೆ ಅಂದುಕೊಂಡಿದ್ದೆ. 1/100ಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಎಲ್ಲಿ ಆಗಲೂ ಪಟ್ಟಿ ಬಂತೋ ಅಲ್ಲಿ 1/50, ಆಗ ಉಸಿರು ಬಿಗಿಹಿಡಿದು, ಬೆನ್ನನ್ನು ಯಾವುದಾದರೂ ಕಂಬಕ್ಕೆ ಆನಿಸಿಕೊಂಡು ಒತ್ತಬೇಕು.

ಎರಡನೆಯದು ದೂರ. ನನ್ನ ಕ್ಯಾಮೆರಾದ ಕ್ರಾಪ್ ಸೆನ್ಸರ್ ಮೇಲೆ 35 ಅಂದರೆ ಫುಲ್ ಫ್ರೇಮ್‌ನ ಸುಮಾರು 52 ಇದ್ದ ಹಾಗೆ. ಒಂದೂವರೆ ಮೀಟರ್ ದೂರದಲ್ಲಿ ನಿಂತರೆ ಸುಮಾರು ಒಂದು ಮೀಟರ್ ಅಗಲ ಕಾಣುತ್ತದೆ. ಪರಿಷೆಯಲ್ಲಿ ನಮಗೂ ಗಾಡಿಯವರಿಗೂ ಇರುವ ದೂರ ಸರಿಯಾಗಿ ಅಷ್ಟೇ! ರಾಶಿಯ ಹಿಂದೆ ಕೂತವರ ಮುಖ, ಭುಜ, ಕೈಯಲ್ಲಿನ ಸೇರು, ಇಷ್ಟು ಬಂದುಬಿಡುತ್ತದೆ. ಅಗಲವಾದ ಲೆನ್ಸ್ ಹಾಕಿದ್ದರೆ ಪಕ್ಕದವರ ಮೊಬೈಲ್, ಯಾರದೋ ತಲೆ, ಮೇಲಿನ ಬ್ಯಾನರ್ ಎಲ್ಲ ಒಳಗೆ ಬರುತ್ತಿತ್ತು. ಬೀದಿಯ ಉದ್ದಕ್ಕೂ ತುಂಬಿದ ಜನಸಾಗರ ಬೇಕು ಅನ್ನುವವರಿಗೆ ಮಾತ್ರ ಇದು ಆಗುವುದಿಲ್ಲ. ಅದಕ್ಕೆ ಯಾರದಾದರೂ ಮಹಡಿ ಬೇಕು, 18 ಎಂಎಂ ಬೇಕು. ಅಥವಾ ಸುಮ್ನೆ ಮೊಬೈಲಲ್ಲಿ ತೆಗೆದುಕೊಳ್ಳಿ, ನಾನೂ ಹಾಗೇ ಮಾಡುತ್ತೇನೆ.

2024ರ ನವೆಂಬರ್ 25, ಕಾರ್ತಿಕದ ಕಡೆ ಸೋಮವಾರ. ಮಧ್ಯಾಹ್ನ ಮೂರಕ್ಕೇ ಹೋಗಿದ್ದೆ. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ ಕಡೆಯ ರೈತರು ತಮ್ಮ ಹೊಲ ಮೇಯುತ್ತಿದ್ದ ಬಸವನಿಗೆ ಮೊದಲ ಬೆಳೆ ಒಪ್ಪಿಸಿದರು ಅನ್ನುವುದು ಪರಿಷೆಯ ಕಥೆ. ಈಗ ಆ ಹಳ್ಳಿಗಳೆಲ್ಲ ಊರೊಳಗೇ ಸೇರಿಹೋಗಿವೆ, ಕಾಯಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಮಾಗಡಿ ಕಡೆಯಿಂದ, ಆಂಧ್ರ ತಮಿಳುನಾಡಿನಿಂದ ಬರುತ್ತದೆ. ಒಂದು ಅಜ್ಜಿ ಬಾಂಡ್ಲಿಯಲ್ಲಿ ಬಿಸಿ ಮರಳು ಹಾಕಿ ಕಾಯಿ ಹುರಿಯುತ್ತಿದ್ದರು. ನಾನು ಕ್ಯಾಮೆರಾ ಹಿಡಿದು ಐದು ನಿಮಿಷ ನಿಂತೇ ಇದ್ದೆ.

"ಏನಪ್ಪಾ, ಬರೀ ಫೋಟೋನೇನಾ? ಕಾಯಿ ತಗೊಳಲ್ವಾ?"

"ತಗೊಳ್ತೀನಿ ಅಜ್ಜಿ. ಅರ್ಧ ಸೇರು ಹಾಕಿ. ಒಂದು ಫೋಟೋ ತೆಗೀಲಾ?"

"ತೆಗಿ, ತೆಗಿ. ಹೊಗೆ ಬತ್ತದೆ, ಈ ಕಡೆ ಬಾ."

ಅವರೇ ಜಾಗ ತೋರಿಸಿದರು. ಅಲ್ಲಿ ಒಂದು ತೊಂದರೆ ಕಂಡಿತು. ಗಾಡಿಯ ಮೇಲೆ ನೀಲಿ ಟಾರ್ಪಾಲ್ ಕಟ್ಟಿದ್ದರು, ಅದರ ಕೆಳಗೆ ಅವರ ಮುಖ, ಬಿಳಿ ಕೂದಲು, ಕಡಲೆಕಾಯಿ, ಎಲ್ಲ ನೀಲಿ. ನಮ್ಮ ಕಣ್ಣು ಅದನ್ನು ಸರಿ ಮಾಡಿಕೊಂಡುಬಿಡುತ್ತದೆ, ಕ್ಯಾಮೆರಾ ಅಷ್ಟು ಚೆನ್ನಾಗಿ ಮಾಡುವುದಿಲ್ಲ. ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಕಚ್ಚಾ ರೂಪದಲ್ಲಿ ತೆಗೆದರೆ ಮನೆಗೆ ಬಂದು ಸ್ವಲ್ಪ ಮಟ್ಟಿಗೆ ತಿದ್ದಬಹುದು. ಅದಕ್ಕಿಂತ ಒಳ್ಳೆಯದು ಕಾಯುವುದು. ಕಾಯಿ ಅಳೆದು ಕೊಡಲು ಅವರು ಮುಂದಕ್ಕೆ ಬಾಗಿದಾಗ ಮುಖ ಟಾರ್ಪಾಲಿನಿಂದ ಹೊರಗೆ ಬಂತು, ರಸ್ತೆಯ ಕಡೆಯ ಬೆಳಕು ಕೆನ್ನೆ ಮೇಲೆ ಬಿತ್ತು, ಸೇರಿನ ತುದಿಯಿಂದ ನಾಲ್ಕು ಕಾಯಿ ಜಾರಿದವು. ಎಫ್1.8, 1/500. ಸೇರು ತುಂಬಿ ತುಳುಕುವ ಹೊತ್ತಿಗೆ ಕಣ್ಣು ನನ್ನ ಕಡೆ ಇರಲಿಲ್ಲ, ಅಳತೆಯ ಮೇಲಿತ್ತು. ಆ ಫೋಟೋ ಕಂಡರೆ ಈಗಲೂ ಖುಷಿಯಾಗುತ್ತದೆ.

ಇನ್ನು ಕರಗ. ಅದು ಪೂರಾ ಬೇರೆ ಪರೀಕ್ಷೆ. ಚೈತ್ರ ಪೂರ್ಣಿಮೆಯ ರಾತ್ರಿ, ಮಧ್ಯರಾತ್ರಿ ದಾಟಿದ ಮೇಲೆ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ದ್ರೌಪದಿಯ ಕರಗ ಹೊರಡುತ್ತದೆ. ಕರಗ ಹೊತ್ತವರಿಗೆ ಅರಿಶಿನದ ಬಣ್ಣದ ಸೀರೆ, ಬಳೆ, ತಲೆ ಮೇಲೆ ಮಲ್ಲಿಗೆಯಲ್ಲಿ ಮುಚ್ಚಿದ ಕರಗ, ಸುತ್ತ ಕತ್ತಿ ಹಿರಿದ ವೀರಕುಮಾರರು, ನಾಲ್ಕೂ ಕಡೆಯಿಂದ ಗೋವಿಂದಾ ಗೋವಿಂದಾ. ಗುಡಿಯ ಮುಂದೆ ನನ್ನಂಥ ಹವ್ಯಾಸಿಗೆ ಕಾಲಿಡಲೂ ಆಗುವುದಿಲ್ಲ. ಅದಕ್ಕೆ ನಾನು ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾ ಇರುವ ರಸ್ತೆಯಲ್ಲಿ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಹನ್ನೊಂದಕ್ಕೇ ಹೋಗಿ ಕೂತೆ. ಕರಗ ದರ್ಗಾಕ್ಕೆ ಬಂದೇ ಬರುತ್ತದೆ. ಯಾವ ಹೊತ್ತಿಗೆ ಅನ್ನುವುದು ಆ ರಾತ್ರಿಗೇ ಬಿಟ್ಟಿದ್ದು. ಪಕ್ಕದಲ್ಲಿ ಕೂತಿದ್ದ ಒಂದು ಸಂಸಾರದವರು ಪುಳಿಯೋಗರೆ ಕೊಟ್ಟರು, ಅವರ ಮಗು ನನ್ನ ಬ್ಯಾಗಿಗೆ ತಲೆಯಿಟ್ಟು ನಿದ್ದೆ ಮಾಡಿತು.

ಕರಗ ಬಂದಾಗ ಕಾಣಸಿಗುವುದು ಕೆಲವೇ ಸೆಕೆಂಡು. ನಡಿಗೆ ಬಹಳ ವೇಗ, ಓಟಕ್ಕೇ ಹತ್ತಿರ. ಮೊದಲೇ ಎಲ್ಲ ಹೊಂದಿಸಿಕೊಂಡಿದ್ದೆ: ಐಎಸ್‌ಒ 6400, ಎಫ್2.2, 1/320. ಮೂರು ಮೀಟರ್ ದೂರದಲ್ಲಿ ಫೋಕಸ್ ಹಿಡಿದರೆ ಈ ಅಳತೆಗೆ ಮುಂದೆ ಹಿಂದೆ ಸೇರಿ ಅರವತ್ತು ಸೆಂಟಿಮೀಟರಿನಷ್ಟು ಆಳ ಸ್ಪಷ್ಟ ಬರುತ್ತದೆ. ರಾತ್ರಿಯ ಕಪ್ಪು ನೋಡಿ ಕ್ಯಾಮೆರಾ ತಾನಾಗೇ ಬೆಳಕು ಜಾಸ್ತಿ ಮಾಡಿಬಿಡುತ್ತದೆ, ಆಗ ಮಲ್ಲಿಗೆ ಸುಣ್ಣದ ಗುಡ್ಡೆಯ ಹಾಗೆ ಬರುತ್ತದೆ, ಒಂದು ಮೊಗ್ಗೂ ಬಿಡಿಯಾಗಿ ಕಾಣುವುದಿಲ್ಲ. ಅದಕ್ಕೆ ಕ್ಯಾಮೆರಾ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಕಮ್ಮಿ, ಅಂದರೆ ಅರ್ಧ ಬೆಳಕಿಗೆ ಇಟ್ಟಿದ್ದೆ. ಫ್ಲ್ಯಾಶ್ ಹಾಕಲೇಬಾರದು, ಫೋಕಸ್‌ಗೆ ಅಂತ ಕ್ಯಾಮೆರಾ ಮುಂದೆ ಹತ್ತುವ ಪುಟ್ಟ ದೀಪ ಇರುತ್ತದಲ್ಲ, ಅದನ್ನೂ ಆರಿಸಿ. ಕೈ ಸೋಕದೆ ಕರಗ ಹೊತ್ತು ಬರುವವರ ಕಣ್ಣಿಗೆ ಬೆಳಕು ಹೊಡೆಯುವುದು ದೊಡ್ಡ ತಪ್ಪು. ಅವರ ದಾರಿಗೆ ಅಡ್ಡ ಹೋಗುವುದು ಇನ್ನೂ ದೊಡ್ಡ ತಪ್ಪು. ಫೋಟೋ ಸಿಗದಿದ್ದರೂ ಪರವಾಗಿಲ್ಲ, ಮೆಟ್ಟಿಲಿನಿಂದ ಇಳಿಯಬೇಡಿ.

ನಲವತ್ತು ಸಲ ಒತ್ತಿದ್ದೆ, ನಾಲ್ಕು ಉಳಿದವು. ಒಂದರಲ್ಲಿ ಯಾರೋ ಮೇಲಿನಿಂದ ಎರಚಿದ ಮಲ್ಲಿಗೆ ಇನ್ನೂ ಗಾಳಿಯಲ್ಲೇ ಇದೆ, ಹಿಂದೆ ಕರ್ಪೂರದ ಬೆಳಕಿನಲ್ಲಿ ಒಬ್ಬ ವೀರಕುಮಾರನ ಮುಖ.

ಈ ಲೆನ್ಸಿನ ದೊಡ್ಡ ಕೊರತೆಯನ್ನು ನನಗೆ ತೋರಿಸಿಕೊಟ್ಟಿದ್ದೂ ಆ ರಾತ್ರಿಯೇ. ಕಪ್ಪು ಆಕಾಶದ ಮುಂದೆ ಬಿಳಿ ಮಲ್ಲಿಗೆ ಬಂದಾಗ ಅಂಚಿನಲ್ಲಿ ನೇರಳೆ ಬಣ್ಣದ ಗೆರೆ ಬರುತ್ತದೆ, ಫೋಕಸ್ ದಾಟಿ ಹಿಂದೆ ಇರುವ ಹೂವಿಗೆ ತೆಳು ಹಸಿರು. ಎಫ್1.8ರಲ್ಲಿ ತುಂಬಾ, ಎಫ್2.8ಕ್ಕೆ ಬಂದರೆ ಎಷ್ಟೋ ಕಮ್ಮಿ. ಕಂಪ್ಯೂಟರಿನಲ್ಲಿ ಒರೆಸಬಹುದು, ಆದರೆ ಹೂವಿನ ರಾಶಿಯಲ್ಲಿ ಒರೆಸುತ್ತಾ ಕೂತರೆ ಮಲ್ಲಿಗೆಯ ಸಹಜ ಛಾಯೆಯೂ ಹೋಗಿಬಿಡುತ್ತದೆ. ಫೋಕಸ್ ಕೂಡ ಕತ್ತಲಲ್ಲಿ ಹಿಂದೆ ಮುಂದೆ ತಡಕಾಡುತ್ತದೆ. ನಾನು ಕರಗ ಬರುವ ಮೊದಲೇ ಎದುರಿನ ಕಂಬಕ್ಕೆ ಫೋಕಸ್ ಹಿಡಿದು ಮ್ಯಾನ್ಯುಯಲ್‌ಗೆ ಹಾಕಿಬಿಟ್ಟಿದ್ದೆ. ಇನ್ನೊಂದು, ಎದುರಿಗೆ ಬಲ್ಬು ಇದ್ದರೆ ಅದರ ನೆರಳಿನ ಹಾಗೆ ಹಸಿರು ಚುಕ್ಕೆಗಳು ಬರುತ್ತವೆ. ಲೆನ್ಸಿನ ಕಾಪಿಗೆ ಅಂತ ಮುಂದೆ ಹಾಕಿದ್ದ ಗಾಜು, ಯುವಿ ಫಿಲ್ಟರ್, ತೆಗೆದ ಮೇಲೆ ಅರ್ಧ ಕಮ್ಮಿಯಾಯಿತು. ಗಾಜು ಒಡೆದೀತು ಅನ್ನುವ ಭಯ ಇದ್ದರೆ ಲೆನ್ಸಿನ ಮುಂದೆ ಸಿಕ್ಕಿಸುವ ಹುಡ್ ಹಾಕಿಕೊಳ್ಳಿ, ಜಂಗುಳಿಯಲ್ಲಿ ಯಾರದಾದರೂ ಮೊಣಕೈ ಬಡಿದರೆ ಅದೇ ತಡೆಯುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. ನನಗೆ ಮೊದಲು ಒಂದು ಅಂಗಡಿಯಲ್ಲಿ ಕೊಟ್ಟ ಲೆನ್ಸ್ ಹೊರಗೆ ಹೊಸದರ ಹಾಗಿತ್ತು. ಮನೆಗೆ ತಂದು ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಫಂಗಸ್. ವಾಪಸ್ ತೆಗೆದುಕೊಂಡರು, ಆದರೆ ಎರಡು ಶನಿವಾರ ಅಲೆಯಬೇಕಾಯಿತು. ಅಂಗಡಿಯಲ್ಲೇ ಟಾರ್ಚ್ ಹಾಕಿ ನೋಡಿ. ನಿಮ್ಮ ಕ್ಯಾಮೆರಾಗೇ ಹಾಕಿ ಹತ್ತು ಫೋಟೋ ತೆಗೆಯಿರಿ. ಹಳೇ ಮಾಡೆಲ್ ಆದರೆ ಫೋಕಸ್ ಮೋಟರ್ ಲೆನ್ಸಿನೊಳಗೇ ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ಕೆಲವು ಚಿಕ್ಕ ಕ್ಯಾಮೆರಾಗಳಲ್ಲಿ ತಾನಾಗೇ ಫೋಕಸ್ ಆಗುವುದಿಲ್ಲ. ಮಲೆನಾಡು, ಮಂಗಳೂರು ಕಡೆಯವರು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಮಳೆಗಾಲದಲ್ಲಿ ಫಂಗಸ್ ಬೇಗ ಹಿಡಿಯುತ್ತದೆ.

ಕೊಳ್ಳಬಹುದಾ ಅಂದರೆ, ಹೌದು, ಕಣ್ಣು ಮುಚ್ಚಿ. ಕಿಟ್ ಲೆನ್ಸ್ ಒಂದೇ ಇದ್ದು ಮುಂದೆ ಏನು ಅಂತ ಯೋಚಿಸುತ್ತಿದ್ದರೆ ದೊಡ್ಡ ಟೆಲಿಗೆ ದುಡ್ಡು ಸುರಿಯುವ ಮೊದಲು ಇದನ್ನು ತಗೊಳ್ಳಿ. ಆದರೆ ಎಫ್1.8 ಇದೆ ಅಂತ ಯಾವಾಗಲೂ ಎಫ್1.8ರಲ್ಲೇ ತೆಗೆಯಬೇಡಿ. ಇದನ್ನು ನನಗೆ ಹೇಳಿಕೊಟ್ಟಿದ್ದು ಆ ಅಜ್ಜಿ.

2025ರ ಪರಿಷೆಗೆ ಹೋಗುವಾಗ ಅವರ ಫೋಟೋ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ಹೋದ ಸಲ ಕೂತಿದ್ದ ಜಾಗದಲ್ಲಿ ಇರಲಿಲ್ಲ, ಎರಡು ಅಂಗಡಿ ಆಚೆ ಸಿಕ್ಕರು. ಸೆರಗಿನಲ್ಲಿ ಕೈ ಒರೆಸಿಕೊಂಡು ಫೋಟೋ ಹಿಡಿದು ತುಂಬಾ ಹೊತ್ತು ನೋಡಿದರು.

"ನಾನು ಚೆನ್ನಾಗಿ ಬಂದಿವ್ನಿ. ಬಾಂಡ್ಲಿ ಎಲ್ಲಪ್ಪಾ? ಕಾಯಿ ರಾಶಿ ಎಲ್ಲಿ?"

ಅವರು ಕೇಳಿದ್ದು ಸರಿ. ಒಂದೂವರೆ ಮೀಟರ್ ದೂರದಲ್ಲಿ ಎಫ್1.8 ಇಟ್ಟರೆ ಸ್ಪಷ್ಟ ಇರುವುದು ಒಂದು ಗೇಣಿಗಿಂತ ಕಮ್ಮಿ, ಹದಿಮೂರು ಸೆಂಟಿಮೀಟರ್ ಅಷ್ಟೇ. ಮುಖ, ಸೇರು ಬಿಟ್ಟರೆ ಬಾಂಡ್ಲಿ, ರಾಶಿ, ಹಿಂದಿನ ಜನ ಎಲ್ಲ ಮಂಜಾಗಿತ್ತು. ಆ ಫೋಟೋ ಎಲ್ಲಿ ತೆಗೆದಿದ್ದು ಅಂತ ಗೊತ್ತಿಲ್ಲದವರು ನೋಡಿದರೆ ಅದು ಪರಿಷೆ ಅಂತ ಹೇಳುವುದಕ್ಕೆ ಏನೂ ಇರಲಿಲ್ಲ.

ಅಜ್ಜಿಯಿಂದ ಎರಡು ಮೀಟರ್ ದೂರ ಆಗುವಷ್ಟು ಹಿಂದೆ ಸರಿಯಲು ಪಕ್ಕದವರನ್ನು ಜಾಗ ಕೇಳಿಕೊಂಡೆ, ಎಫ್4ಕ್ಕೆ ಹಾಕಿದೆ, ಅರ್ಧ ಮೀಟರ್ ಆಳ ಸಿಕ್ಕಿತು. ಈ ಸಲ ಅಜ್ಜಿಯ ಮುಖ ಇದೆ, ಬಾಂಡ್ಲಿಯ ಕಪ್ಪು ಅಂಚಿದೆ, ಮರಳಿನಲ್ಲಿ ಅರ್ಧ ಹೂತ ಕಾಯಿ ಇದೆ, ಪಕ್ಕದಲ್ಲಿ ಪೊಟ್ಟಣ ಕಟ್ಟುತ್ತಿರುವ ಮೊಮ್ಮಗಳೂ ಇದ್ದಾಳೆ. ಪ್ರಿಂಟ್ ಹಾಕಿಸಿ ಕ್ಯಾಮೆರಾ ಬ್ಯಾಗಿನಲ್ಲೇ ಇಟ್ಟಿದ್ದೇನೆ, ಮುಂದಿನ ಕಾರ್ತಿಕದ ಕಡೆ ಸೋಮವಾರ ಕೊಡಬೇಕು.