ರಸ್ತೆ ಮೇಲೇಳುವ ಮೊದಲು ಬಚ್ಚಲ ಮಟ್ಟ ನೋಡಿಕೊಳ್ಳಿ

ತುಮಕೂರಿನ ಅಂಚಿನ ಹಳೇ ಬಡಾವಣೆಯೊಂದರ ಅಡ್ಡರಸ್ತೆ. ಬೇಸಿಗೆಯಲ್ಲಿ ಜೆಸಿಬಿ ಬಂತು, ಮಳೆಗೆ ಮುಂಚೆ ಕಾಂಕ್ರೀಟ್ ಬಿತ್ತು. ಗುಂಡಿ ರಸ್ತೆಯಲ್ಲಿ ಬೈಕ್ ಓಡಿಸಿ ಸೊಂಟ ನೋಯಿಸಿಕೊಂಡಿದ್ದವರೆಲ್ಲ ಖುಷಿಪಟ್ಟರು. ಸೆಪ್ಟೆಂಬರಿನ ಮೊದಲ ಜೋರು ಮಳೆಯ ರಾತ್ರಿ ತಗ್ಗಿನ ಕಡೆಯ ಮನೆಗಳ ಬಚ್ಚಲ ಜಾಲರಿ ಗುಳುಗುಳು ಅಂತು. ಹತ್ತು ನಿಮಿಷದಲ್ಲಿ ಕಪ್ಪು ನೀರು ಅಡುಗೆಮನೆಯ ಹೊಸಿಲು ದಾಟಿತ್ತು. ಎರಡು ದಿನ ಬಿಟ್ಟು ಸಂಪಿನ ನೀರೂ ವಾಸನೆ ಬಂತು.

ಮಳೆ ಹೆಚ್ಚಾಗಿದ್ದರಿಂದ ಹೀಗಾಯಿತು ಅಂದುಕೊಂಡರೆ ಅರ್ಧ ಸತ್ಯ. ಅದಕ್ಕಿಂತ ಜೋರು ಮಳೆಯನ್ನು ಆ ಮನೆಗಳು ಮೊದಲೂ ಕಂಡಿದ್ದವು. ಬದಲಾಗಿದ್ದು ರಸ್ತೆಯ ಎತ್ತರ.

ಲೆಕ್ಕ ಹಾಕಿ. ಹಳೇ ಡಾಂಬರನ್ನು ಕಿತ್ತು ತೆಗೆಯದೆ ಅದರ ಮೇಲೇ 6 ಇಂಚು ಜಲ್ಲಿಪುಡಿ ಹಾಸು, 4 ಇಂಚು ಒಣ ಕಾಂಕ್ರೀಟು, ಮೇಲೆ 8 ಇಂಚು ಗಟ್ಟಿ ಕಾಂಕ್ರೀಟು ಹಾಕಿದರೆ ಒಂದೂವರೆ ಅಡಿ ಆಯಿತು. ಅಗೆದು ತೆಗೆದ ಮಣ್ಣು, ಡಾಂಬರನ್ನು ಲಾರಿಯಲ್ಲಿ ಸಾಗಿಸುವುದಕ್ಕೆ ದುಡ್ಡು ಬೇಕು, ಸುರಿಯಲು ಜಾಗ ಬೇಕು. ಮೇಲೆ ಹಾಕಿಕೊಂಡು ಹೋಗುವುದು ಸಲೀಸು. ಹಾಗಾಗಿ 'ಸ್ವಲ್ಪ ಎತ್ತರ ಆಗುತ್ತೆ ಸಾರ್' ಅಂತ ಮೇಸ್ತ್ರಿ ಹೇಳಿದರೆ, ಆ 'ಸ್ವಲ್ಪ' ಎಷ್ಟು ಇಂಚು ಎಂದು ಅಲ್ಲೇ ಕೇಳಿ.

ರಸ್ತೆ ಎತ್ತರವಾದರೆ ಬಚ್ಚಲಿಗೆ ಕೊಳಚೆ ಹೇಗೆ ಬರುತ್ತದೆ? ಯುಜಿಡಿ, ಅಂದರೆ ಒಳಚರಂಡಿ ಲೈನು ಕಟ್ಟಿಕೊಂಡಾಗ ಕೊಳಚೆ ಬೀದಿಯ ಚೇಂಬರುಗಳಲ್ಲಿ ಏರುತ್ತದೆ. ಎಲ್ಲಿ ಬಾಯಿ ತಗ್ಗಾಗಿದೆಯೋ ಅಲ್ಲಿಂದ ಉಕ್ಕುತ್ತದೆ. ಮೊದಲು ಬೀದಿ ಚೇಂಬರಿನ ಮುಚ್ಚಳ ಮನೆಯ ನೆಲಕ್ಕಿಂತ ತಗ್ಗಿತ್ತು, ಗಲೀಜು ರಸ್ತೆಯಲ್ಲೇ ಹರಿಯುತ್ತಿತ್ತು. ಮೂಗು ಮುಚ್ಚಿಕೊಂಡು ದಾಟಿದರೆ ಮುಗಿಯುತ್ತಿತ್ತು. ರಸ್ತೆ ಎದ್ದಾಗ ಅದರ ಸಮಕ್ಕೆ ಚೇಂಬರಿನ ಕತ್ತನ್ನೂ ಏರಿಸುತ್ತಾರೆ. ಈಗ ಮುಚ್ಚಳಕ್ಕಿಂತ ನಿಮ್ಮ ಬಚ್ಚಲು ತಗ್ಗು. ಮಳೆಗಾಲದಲ್ಲಿ ಲೈನು ತುಂಬುವುದಕ್ಕೆ ಬೀದಿಯವರ ಪಾಲೂ ಇದೆ: ಯುಜಿಡಿ ಇರುವುದು ಕೊಳಚೆಗೆ ಮಾತ್ರ, ಆದರೆ ತಾರಸಿ ನೀರಿನ ಪೈಪನ್ನು ಅದಕ್ಕೇ ಕೊಟ್ಟವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ.

ಕೆಲಸ ಶುರುವಾಗುವ ಮೊದಲು ಒಂದು ಸಂಜೆ ಇದಕ್ಕೆ ಮೀಸಲಿಡಿ. ಗಾರೆಯವರ ಬಳಿ ಇರುವ ಮಟ್ಟದ ಪೈಪು ತನ್ನಿ. ಪಾರದರ್ಶಕ ಪೈಪು, 50 ಅಡಿ ಇದ್ದರೆ ಸಾಕು. ಒಳಗೆ ಒಂದೂ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿಸಿ, ಇಲ್ಲದಿದ್ದರೆ ಮಟ್ಟ ಸುಳ್ಳು ಹೇಳುತ್ತದೆ. ಒಂದು ತುದಿ ಬೀದಿ ಚೇಂಬರಿನ ಮೇಲೆ, ಇನ್ನೊಂದು ಬಚ್ಚಲಲ್ಲಿ. ನೀರು ನಿಂತ ಮೇಲೆ ಅಲ್ಲಿಂದ ಮುಚ್ಚಳಕ್ಕೆಷ್ಟು, ಇಲ್ಲಿಂದ ಜಾಲರಿಗೆಷ್ಟು ಎಂದು ಟೇಪು ಹಿಡಿಯಿರಿ. ಎರಡರ ವ್ಯತ್ಯಾಸವೇ ನಿಮ್ಮ ಕೈಲಿರುವ ಎತ್ತರ. ಬಚ್ಚಲು 10 ಇಂಚು ಮೇಲಿದ್ದು ರಸ್ತೆ 18 ಇಂಚು ಏರುವುದಾದರೆ ನೀವು 8 ಇಂಚು ಮುಳುಗಿದಿರಿ ಅಂತಲೇ ಅರ್ಥ. ಸಂಪಿನ ಬಾಯಿಯನ್ನೂ ಹೀಗೇ ಅಳೆಯಿರಿ. ಕಾಂಪೌಂಡಿನ ಮೇಲೆ ಈಗಿನ ರಸ್ತೆ ಮಟ್ಟಕ್ಕೆ ಬಣ್ಣದಲ್ಲಿ ಗೆರೆ ಎಳೆದು, ಟೇಪು ಕಾಣುವ ಹಾಗೆ ಫೋಟೊ ತೆಗೆದಿಡಿ.

ಮುಗಿದ ರಸ್ತೆಯ ಮಟ್ಟ ಎಷ್ಟು ಎಂಬುದು ಅಂದಾಜುಪಟ್ಟಿಯ ಜೊತೆಗಿನ ಉದ್ದಸೀಳು ನಕ್ಷೆಯಲ್ಲಿ (ರಸ್ತೆಯುದ್ದಕ್ಕೂ ಮಟ್ಟ ತೋರಿಸುವ ನಕ್ಷೆ) ಇರುತ್ತದೆ. ವಾರ್ಡಿನ ಇಂಜಿನಿಯರನ್ನು ಬರಹದಲ್ಲಿ ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕೊಡದಿದ್ದರೆ ಮಾಹಿತಿ ಹಕ್ಕು, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಬೀದಿಯ ಕಷ್ಟವನ್ನೆಲ್ಲ ಅದರಲ್ಲೇ ತೋಡಿಕೊಂಡರೆ ತಿರಸ್ಕರಿಸಲು ನೆಪ ಸಿಗುತ್ತದೆ. ಉತ್ತರಕ್ಕೆ 30 ದಿನದ ಗಡುವು ಇರುವುದರಿಂದ ಜೆಸಿಬಿ ಬಂದ ಮೇಲೆ ಅರ್ಜಿ ಹಾಕುವುದು ತಡ. ಕೇಳಬೇಕಾದ್ದು ಒಂದೇ: ಹಳೇ ಪದರ ಅಗೆದು ತೆಗೆದು, ಅದೇ ಮಟ್ಟಕ್ಕೆ ಹೊಸದು ಹಾಕಿ. ಕಾಂಕ್ರೀಟ್ ಬಿದ್ದ ಮೇಲೆ ಈ ಮಾತು ಆಡಿ ಪ್ರಯೋಜನವಿಲ್ಲ, ಹಾಕಿದ ಕಾಂಕ್ರೀಟನ್ನು ನಿಮಗಾಗಿ ಯಾರೂ ಒಡೆಯುವುದಿಲ್ಲ.

ಅಗೆತದ ದಿನಗಳಲ್ಲಿ ಮನೆ ಬಿಟ್ಟು ಹೋಗಬೇಡಿ. ನಿಮ್ಮ ಕೊಳಚೆ ಪೈಪು, ನಲ್ಲಿ ಪೈಪು ಎರಡಕ್ಕೂ ಜೆಸಿಬಿಯ ಬಕೆಟ್ ತಾಗುತ್ತದೆ. ತುಂಡಾದ ನಲ್ಲಿ ಪೈಪಿಗೆ ಸೈಕಲ್ ಟ್ಯೂಬ್ ಸುತ್ತಿ ಮಣ್ಣು ಮುಚ್ಚುವುದನ್ನು ಕಣ್ಣಾರೆ ನೋಡಿದರೆ ಮಾತ್ರ ತಡೆಯಬಹುದು. ಆ ಬೀದಿಯ ಸಂಪು ಕೆಟ್ಟಿದ್ದೇ ಹೀಗೆ. ಬುಗುಡನಹಳ್ಳಿ ಕೆರೆಯಿಂದ ಊರಿಗೆ ಬರುವ ಹೇಮಾವತಿ ನೀರು ದಿನದ 24 ಗಂಟೆಯೂ ಎಲ್ಲ ಬೀದಿಯ ಪೈಪಿನಲ್ಲಿ ಇರುವುದಿಲ್ಲ. ನೀರುಗಂಟಿ ವಾಲ್ವು ಮುಚ್ಚಿದ ಮೇಲೆ ಪೈಪು ಬರಿದಾಗುತ್ತದೆ, ಆಗ ಸಡಿಲ ಜೋಡಣೆಯಿಂದ ಸುತ್ತಲಿನ ಕೊಳಚೆಯನ್ನು ಒಳಗೆಳೆದುಕೊಳ್ಳುತ್ತದೆ. ಮಾರನೇ ಸರದಿಯ ಮೊದಲ ನೀರಿನ ಜೊತೆ ಅದು ಸಂಪಿಗೆ ಬರುತ್ತದೆ. ಮೊದಲ ಹತ್ತು ನಿಮಿಷದ ನೀರನ್ನು ಹೊರಗೆ ಬಿಡಿ.

ಕೊಳಚೆ ಪೈಪು ಸರಿ ಜೋಡಿಸಿದ್ದಾರೋ ಇಲ್ಲವೋ ತಿಳಿಯಲು ಬಟ್ಟೆಯ ನೀಲಿ ಸಾಕು. ಅರ್ಧ ಬಕೆಟ್ ನೀರಿಗೆ ಗಾಢವಾಗಿ ಕಲಸಿ ಕಕ್ಕಸಿಗೆ ಸುರಿದು, ಬೀದಿ ಚೇಂಬರಿನ ಮುಚ್ಚಳ ತೆಗೆಸಿ ನೋಡಿ. ನಾಲ್ಕೈದು ನಿಮಿಷದಲ್ಲಿ ನೀಲಿ ಬರದಿದ್ದರೆ ಪೈಪು ಎಲ್ಲೋ ಮಣ್ಣಿಗೆ ಬಿಟ್ಟಿರಬಹುದು. ಕಾಂಕ್ರೀಟ್ ಹಾಕುವ ಹಿಂದಿನ ದಿನವಾದರೂ ಇದು ಆಗಲೇಬೇಕು.

ರಸ್ತೆ ಈಗಾಗಲೇ ಎದ್ದಿದ್ದರೆ ಮನೆಯ ಕೊನೇ ಚೇಂಬರಿಗೂ ಬೀದಿ ಚೇಂಬರಿಗೂ ನಡುವೆ ನೀರನ್ನು ಒಂದೇ ಕಡೆಗೆ ಬಿಡುವ 110 ಮಿ.ಮೀ. ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಅದರೊಳಗಿನ ರೆಕ್ಕೆ ಬೀದಿ ಕಡೆಗೆ ತೆರೆಯಬೇಕು, ಕೈ ಹಾಕಿ ತೊಳೆಯಲು ಆಗುವಂತೆ ಅದಕ್ಕೊಂದು ಪುಟ್ಟ ಚೇಂಬರ್ ಕಟ್ಟಿಸಬೇಕು. ಕೂದಲು, ಬಟ್ಟೆ ಚೂರು ಸಿಕ್ಕಿದರೆ ರೆಕ್ಕೆ ಮುಚ್ಚಿಕೊಳ್ಳುವುದಿಲ್ಲ, ಹಾಗಾಗಿ ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ. ವಾಲ್ವು ಹಾಕಿಸಿ ತಾರಸಿ ಪೈಪನ್ನು ಅದೇ ಲೈನಿಗೆ ಬಿಟ್ಟುಕೊಂಡರೆ, ಬೀದಿ ನೀರಿನ ಬದಲು ಸ್ವಂತ ತಾರಸಿ ನೀರೇ ಬಚ್ಚಲಲ್ಲಿ ಉಕ್ಕುತ್ತದೆ! ರೆಕ್ಕೆ ಮುಚ್ಚಿರುವಷ್ಟು ಹೊತ್ತು ಮನೆಯ ನೀರಿಗೂ ದಾರಿಯಿಲ್ಲ. ಮಳೆ ಜೋರಿದ್ದಾಗ ವಾಷಿಂಗ್ ಮೆಷಿನ್ ಹಚ್ಚಬೇಡಿ.

ಸಂಪಿನ ಕತ್ತನ್ನು ಹೊಸ ರಸ್ತೆಗಿಂತ 9 ಇಂಚಾದರೂ ಮೇಲಕ್ಕೆ ಕಟ್ಟಿಸಿ. ವಾಸನೆ ಬಂದ ನೀರಿಗೆ ಬ್ಲೀಚಿಂಗ್ ಹಾಕಿ ಬಳಸುವ ಆಸೆ ಬಿಡಿ. ಪೂರ್ತಿ ಚೆಲ್ಲಿ, ಗೋಡೆ ಉಜ್ಜಿ ತೊಳೆದು, ಹೊಸ ನೀರು ತುಂಬಿದ ಮೇಲೆ 1000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳ ಹಿಡಿದ ಮೇಲೆ ತಿಳಿಯನ್ನಷ್ಟೇ ಸಂಪಿಗೆ ಸುರಿದು ಒಂದು ಗಂಟೆ ಬಿಡಿ.

ಇನ್ನು ಮನೆಯನ್ನೇ ಏರಿಸುವ ಮಾತು. ಅಂಗಳಕ್ಕೆ ಮಣ್ಣು ತುಂಬಿಸುವಾಗ ಪಾಯದ ಮಟ್ಟ ಮೀರಿದರೆ ಗೋಡೆಗೆ ಶೀತ ಏರಿ ಗೆದ್ದಲು ಹತ್ತುತ್ತದೆ. ಒಳಗಿನ ನೆಲವನ್ನು ಒಂದಡಿ ಏರಿಸಿದರೆ 7 ಅಡಿಯ ಬಾಗಿಲು 6 ಅಡಿಯಾಗಿ, ಲಿಂಟಲ್ ತಲೆಗೆ ಬಡಿಯುತ್ತದೆ. ಜಾಕ್ ಇಟ್ಟು ಇಡೀ ಮನೆ ಎತ್ತಿಕೊಡುತ್ತೇವೆ ಎನ್ನುವವರೂ ಬರುತ್ತಾರೆ. ಕಾಲಂ ಇಲ್ಲದ, ಮಣ್ಣುಗಾರೆಯ ಸೈಜುಗಲ್ಲು ಪಾಯದ ಮನೆಯಾಗಿದ್ದರೆ, ಅವರಿಗೆ ಸಂಬಂಧವಿಲ್ಲದ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ಪಾಯ ಅಗೆಸಿ ನೋಡುವವರೆಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.